ಕಿವಿಯಲ್ಲಿ ಹೇಳಿದ ಹೆಸರು

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ. ಜಹೀರಾಬಾದಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಗ್ರಹಣದ ಹೊತ್ತಿನಲ್ಲಿ ಶಾಲೆಯ ಅಂಗಳದಲ್ಲಿ ಮಕ್ಕಳ ಮುಂದೆ ನಿಂತು ಚುರುಮುರಿ ತಿಂದು ತೋರಿಸಿದವಳು ನಾನು. ದೆವ್ವ ಬಡಿದಿದೆ, ದೃಷ್ಟಿ ತಾಗಿದೆ ಎಂದು ಯಾರಾದರೂ ಶುರು ಮಾಡಿದರೆ ನನಗೆ ಭಯಕ್ಕಿಂತ ಸಿಟ್ಟು ಮೊದಲು ಬರುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ನನ್ನೆದುರು ಯಾರೂ ಭೂತದ ಕಥೆ ಹೇಳುವುದಿಲ್ಲ. ಹೇಳಿದವರನ್ನು ವಾರಗಟ್ಟಲೆ ಛೇಡಿಸುತ್ತೇನೆ. ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆ ಎಂದರೆ ನಗುವ ಸರದಿ ಅವರದು. ನಗಲಿ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಕಾರಣ ನಿಮಗೆ ಹೊಳೆದರೆ ನನಗೂ ತಿಳಿಸಿ, ಉಪಕಾರವಾದೀತು.

ನನ್ನ ತವರು ನಾರಾಯಣಖೇಡ್. ಪೇಟೆಯಲ್ಲಿ ತೊಗರಿ, ಕಡಲೆ, ಉದ್ದು ಕೊಂಡು ಮಾರುವ ಲಿಂಗಾಯತ ಮನೆ. ಈಗಿನವರಿಗೆ ನಾವು ಬರೀ ಬೇಳೆಕಾಳಿನ ವ್ಯಾಪಾರದವರು. ಹಳಬರ ಬಾಯಲ್ಲಿ ಮಾತ್ರ ನಮ್ಮದು 'ಫಿರಂಗಿ ಮನಿ'. ಅದಕ್ಕೊಂದು ಕಥೆ ಇದೆ. ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಫ್ರೆಂಚರು ನಡೆಸುತ್ತಿದ್ದ ಫೌಜೊಂದು ಇತ್ತಂತೆ. ಇಂಗ್ಲಿಷರ ಒತ್ತಾಯಕ್ಕೆ ಅದನ್ನು ಮುರಿದು ಹಾಕಿದಾಗ ಎಲ್ಲರೂ ಹೊರಟುಹೋದರು, ಒಬ್ಬ ಹೋಗಲಿಲ್ಲ. ಜ್ವರ ಹತ್ತಿ ನಾರಾಯಣಖೇಡದ ಹಾದಿಯಲ್ಲಿ ಬಿದ್ದಿದ್ದವನನ್ನು ನಮ್ಮ ಹಿರಿಯರೊಬ್ಬರು ಬಂಡಿಯಲ್ಲಿ ಹಾಕಿಕೊಂಡು ಬಂದು ಜೋಳದ ಅಂಬಲಿ ಕುಡಿಸಿದರು. ಅವನು ಬದುಕಿದ, ಕನ್ನಡ ಕಲಿತ, ತಕ್ಕಡಿ ಹಿಡಿದ, ಕೊನೆಗೆ ಮನೆಯ ಮಗಳನ್ನೇ ಕೇಳಿದ. ಮಠದ ಸ್ವಾಮಿಗಳು ಲಿಂಗದೀಕ್ಷೆ ಕೊಟ್ಟು ಬಸಪ್ಪ ಎಂದು ಕರೆದರು. ಹಳೆಯ ಹೆಸರನ್ನು ಇನ್ನು ನಾಲಿಗೆಯ ಮೇಲೆ ತರಬಾರದು ಎಂದು ಕಟ್ಟಪ್ಪಣೆ ಮಾಡಿದರು. ಸಣ್ಣವಳಿದ್ದಾಗ ಈ ಕಥೆ ಕೇಳಿ ಖುಷಿಪಡುತ್ತಿದ್ದೆ, ದೊಡ್ಡವಳಾದ ಮೇಲೆ ನಗತೊಡಗಿದೆ. ನಮ್ಮ ಮನೆಯಲ್ಲಿ ಒಂದಿಬ್ಬರಿಗೆ ಬೆಕ್ಕಿನ ಕಣ್ಣಿದ್ದದ್ದು ಬಿಟ್ಟರೆ ಇದಕ್ಕೆ ಸಾಕ್ಷಿ ಇರಲಿಲ್ಲ. ಬೆಕ್ಕಿನ ಕಣ್ಣು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮನೆಗಳಲ್ಲಿವೆ.

ಆದರೆ ಆ ಕಥೆಗೆ ಒಂದು ಪದ್ಧತಿ ಅಂಟಿಕೊಂಡು ಬಂದಿತ್ತು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ ಹೆಸರು ಹೇಳಿ 'ಕುರ್ರ್' ಎನ್ನುತ್ತಾಳೆ. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಎಲ್ಲರ ಮನೆಯಲ್ಲೂ ಇಷ್ಟೇ. ನಮ್ಮ ಮನೆಯಲ್ಲಿ ಮಾತ್ರ ಚೊಚ್ಚಲು ಗಂಡಿಗೆ ಎರಡು ಹೆಸರು. ಒಂದು ಊರೆಲ್ಲ ಕರೆಯುವುದು, ಇನ್ನೊಂದು ಕಿವಿ ಹೆಸರು. ಬಸಪ್ಪನಾದ ಆ ಸಿಪಾಯಿ ತನ್ನ ತಂದೆಯ ಹೆಸರನ್ನು ಬಿಡಲಾರದೆ ಮಗಳ ಕಿವಿಯಲ್ಲಿ ಹೇಳಿಟ್ಟನಂತೆ. ಅವಳು ಅದನ್ನು ಅಣ್ಣನ ಮಗನ ಕಿವಿಗೆ ಹಾಕಿದಳು. ಅಂದಿನಿಂದ ಅದು ಸೋದರತ್ತೆಯಿಂದ ಅಣ್ಣನ ಮಗಳಿಗೆ, ಆ ಮಗಳು ಅತ್ತೆಯಾದಾಗ ಮತ್ತೆ ಅವಳ ಅಣ್ಣತಮ್ಮಂದಿರ ಮಗಳಿಗೆ, ಹೀಗೆ ಮನೆಯ ಹೆಣ್ಣುಮಕ್ಕಳಲ್ಲೇ ಇಳಿದುಬಂದಿದೆ. ಬರೆಯುವಂತಿಲ್ಲ, ಗಟ್ಟಿಯಾಗಿ ಆಡುವಂತಿಲ್ಲ. ಹೆಸರು ಹೊತ್ತ ಗಂಡಸಿಗೂ ಅದು ಗೊತ್ತಿರುವುದಿಲ್ಲ; ಹಸಿಕೂಸು ಏನು ನೆನಪಿಟ್ಟೀತು? ನಮ್ಮಪ್ಪನಿಗೆ ಗೊತ್ತಿರಲಿಲ್ಲ. ನನ್ನ ತಮ್ಮ ಶಿವರಾಜನಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಒಬ್ಬಳಿಗೇ, ತಾಂಡೂರಿಗೆ ಕೊಟ್ಟ ಅಪ್ಪನ ತಂಗಿ ನಾಗಮ್ಮತ್ತೆಗೆ. ಅವಳಾದ ಮೇಲೆ ಸರದಿ ನನ್ನದು. ತೊಟ್ಟಿಲಿನ ಹಿಂದಿನ ದಿನವೇ ಹೇಳಿಕೊಡಬೇಕು, ಮೊದಲೇ ಹೇಳಿದರೆ ಹಳಸುತ್ತದೆ ಎಂದು ಅತ್ತೆ ನಗುತ್ತಿದ್ದಳು. ಆ ಹೆಸರು ಕೇಳದ ಚೊಚ್ಚಲು ಗಂಡು ನಮ್ಮ ಮನೆಯಲ್ಲಿ ನಿಲ್ಲುವುದಿಲ್ಲ ಎಂಬ ಮಾತೂ ಇತ್ತು. ಅದನ್ನು ಹೇಳುವಾಗ ಮಾತ್ರ ಅವಳು ನಗುತ್ತಿರಲಿಲ್ಲ.

ಶಿವರಾಜನ ಹೆಂಡತಿ ಸುನೀತಾ ದೌಲತಾಬಾದಿನ ಕಡೆಯವಳು. ಡಿಗ್ರಿ ಓದಿದವಳು, ಅಂಗಡಿಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿದವಳು. ಅವಳಿಗೆ ಮೊದಲ ಗಂಡು ಹುಟ್ಟುವ ಹೊತ್ತಿಗೆ ನಾಗಮ್ಮತ್ತೆ ಲಕ್ವಾ ಹೊಡೆದು ಹೈದರಾಬಾದಿನ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ತೊಟ್ಟಿಲಿನ ದಿನ ನಾನು ಬರೀ 'ಕುರ್ರ್' ಎಂದು ಎದ್ದೆ. ಬೇರೆ ಏನು ಮಾಡಲು ಬರುತ್ತಿತ್ತು? ಆ ಕೂಸು ತಿಂಗಳು ತುಂಬುವ ಮೊದಲೇ ಹೋಯಿತು. ಹೃದಯದಲ್ಲಿ ರಂಧ್ರವಿತ್ತು, ಹುಟ್ಟಿನಿಂದಲೇ ಇತ್ತು ಎಂದು ಡಾಕ್ಟರರು ಸ್ಪಷ್ಟವಾಗಿ ಹೇಳಿದರು. ನಾನು ಅದನ್ನು ಸುನೀತಾಗೆ ಚಿತ್ರ ಬರೆದು ವಿವರಿಸಿದೆ. ಅವಳು ತಲೆಯಾಡಿಸಿದಳು. ಒಂದು ಮಾತೂ ನನ್ನನ್ನು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಎದುರು ವಾದಿಸಬಹುದಿತ್ತು.

ಎರಡನೆಯ ಗಂಡು ಹುಟ್ಟಿದಾಗ ಅವಳು ಆಸ್ಪತ್ರೆಯಿಂದಲೇ ನನಗೆ ಫೋನ್ ಮಾಡಿದಳು. ಚೊಚ್ಚಲು ಹೋದ ಮೇಲೆ ಕಿವಿ ಹೆಸರು ಇವನಿಗೇ ಸಲ್ಲಬೇಕಿತ್ತು. ಕೂಸಿನ ತೂಕ, ಬಣ್ಣ ಏನನ್ನೂ ಹೇಳಲಿಲ್ಲ. ಧ್ವನಿ ಒಣಗಿತ್ತು.

"ಅಕ್ಕ, ತಾಂಡೂರಿಗಿ ಹೋಗಿ ಬರ್ರಿ. ನಾ ಬೇರೆ ಏನೂ ಕೇಳಾಂಗಿಲ್ಲ."

ಅಷ್ಟೊತ್ತಿಗೆ ನಾಗಮ್ಮತ್ತೆಗೆ ಎಚ್ಚರ ಬಂದು ಬಹಳ ದಿನಗಳಾಗಿದ್ದವು. ಮಗನ ಮನೆಯಲ್ಲಿ, ಮಂಚದ ಮೇಲೆ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಕೇಳಿಸುತ್ತದೆ, ಗುರುತು ಸಿಗುತ್ತದೆ, ಬಾಯಿಂದ ಮಾತ್ರ ಗಾಳಿ ಬಿಟ್ಟು ಏನೂ ಬರುವುದಿಲ್ಲ ಎಂದು ಅವಳ ಸೊಸೆ ಹೇಳಿದ್ದಳು. ಹೋಗಿ ಪ್ರಯೋಜನವಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹೋದೆ. ನಂಬಿ ಹೋಗಲಿಲ್ಲ, ಸುನೀತಾಗೆ 'ಹೋಗಿದ್ದೆ' ಎನ್ನುವುದಕ್ಕಾಗಿ ಹೋದೆ. ಬಸ್ಸಿನಲ್ಲಿ ಕೂತೇ ತೀರ್ಮಾನ ಮಾಡಿಬಿಟ್ಟಿದ್ದೆ: ಬಾಯಿಗೆ ಬಂದ ಯಾವುದೋ ಒಂದು ಹೆಸರನ್ನು ಕೂಸಿನ ಕಿವಿಯಲ್ಲಿ ಉಸುರಿ, ಅತ್ತೆ ಹೇಳಿಕೊಟ್ಟಳು ಎಂದುಬಿಡುವುದು. ತಾಯಿಯ ಮನಸ್ಸಿಗೆ ಸಮಾಧಾನವಾದರೆ ಹಾಲು ಚೆನ್ನಾಗಿ ಬರುತ್ತದೆ, ಅದೂ ವಿಜ್ಞಾನವೇ.

ತಾಂಡೂರಿನಲ್ಲಿ ಅವರ ಮನೆಯ ಹಿಂದೆಯೇ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕಾರ್ಖಾನೆ. ಹಗಲೆಲ್ಲ ಗರಗಸದ ಕಿರುಚಾಟ, ಬಾಗಿಲು ಕಿಟಕಿ ಹಾಕಿದರೂ ಮಂಚದ ಮೇಲೆ ಬಿಳಿ ಧೂಳು. ಸೊಸೆ ಚಹಾ ಮಾಡಲು ಒಳಗೆ ಹೋದಾಗ ನಾನು ಅತ್ತೆಯ ಪಕ್ಕ ಕೂತು ವಿಷಯ ಹೇಳಿದೆ. ಗಂಡು ಹುಟ್ಟಿದೆ, ನಾಳೆ ತೊಟ್ಟಿಲು ಎಂದೆ. ಅವಳ ಕಣ್ಣು ತುಂಬಿಕೊಂಡವು. ಅಕ್ಷರಗಳ ಹಾಳೆಯೊಂದನ್ನು ಮಾಡಿಕೊಂಡು ಹೋಗಿದ್ದೆ, ಬೆರಳಿಟ್ಟು ತೋರಿಸಲಿ ಎಂದು. ಅದನ್ನು ಎಡಗೈಯಿಂದ ನೂಕಿಬಿಟ್ಟಳು. ಬರೆಯುವಂತಿಲ್ಲ ಎನ್ನುವುದನ್ನು ಲಕ್ವಾ ಹೊಡೆದರೂ ಮರೆತಿರಲಿಲ್ಲ! ಆಮೇಲೆ ಅದೇ ಎಡಗೈಯನ್ನು ನನ್ನ ಕತ್ತಿನ ಹಿಂಭಾಗಕ್ಕೆ ಹಾಕಿ ನನ್ನ ತಲೆಯನ್ನು ಕೆಳಗೆಳೆದಳು. ಆ ಒಣಗಿದ ಕೈಯಲ್ಲಿ ಅಷ್ಟು ಶಕ್ತಿ ಇದ್ದೀತೆಂದು ನಾನು ಎಣಿಸಿರಲಿಲ್ಲ. ಅವಳ ತುಟಿ ನನ್ನ ಕಿವಿಗೆ ತಾಗಿತು. ಬಿಸಿ ಉಸಿರು ಬಂತು. ಅಷ್ಟೇ. ಶಬ್ದವಿಲ್ಲ. ಹೊರಗೆ ಗರಗಸ ಕಿರುಚುತ್ತಿತ್ತು. ನಾನು ತಲೆ ಎತ್ತಿದಾಗ ಅವಳು ಕೆಲಸ ಮುಗಿದವಳ ಹಾಗೆ ನನ್ನ ಕೆನ್ನೆ ತಟ್ಟಿ ಕಣ್ಣು ಮುಚ್ಚಿಕೊಂಡಳು.

ಏನೂ ಕೇಳಿಸಲಿಲ್ಲ ಎಂದು ಇಲ್ಲಿ ಖಚಿತವಾಗಿ ಬರೆಯುತ್ತಿದ್ದೇನೆ. ಇದು ಮುಂದಿನದಕ್ಕೆ ಮುಖ್ಯ.

ಮರುದಿನ ನಾರಾಯಣಖೇಡದ ಮನೆಯಲ್ಲಿ ಹೆಂಗಸರು ತುಂಬಿದ್ದರು. ಬೇಯಿಸಿದ ಕಡಲೆ ಗುಗ್ಗರಿಯ ವಾಸನೆ, ಕೂಸಿನ ತಲೆಗೆ ಹೊಸ ಕುಲಾಯಿ, ತೊಟ್ಟಿಲಿಗೆ ಹಸಿರು ಸೀರೆ. ರೂಢಿಯಂತೆ ಮೊದಲು ಗುಂಡುಕಲ್ಲನ್ನು ತೊಟ್ಟಿಲಿನಲ್ಲಿಟ್ಟು ತೂಗಿ ತೆಗೆದರು. ಆಮೇಲೆ ಕೂಸು. ಅದು ಬೆಳಗಿನಿಂದ ಅಳುತ್ತಲೇ ಇತ್ತು, ಮೈ ಸ್ವಲ್ಪ ಬೆಚ್ಚಗಿತ್ತು. ಅವ್ವ ಅದನ್ನು ಯಾರಿಗೂ ಹೇಳಬೇಡ ಎಂದು ನನಗೆ ಕಣ್ಣುಸನ್ನೆ ಮಾಡಿದಳು. ಸುನೀತಾ ಗೋಡೆಗೆ ಒರಗಿ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಷ್ಟು ಜನರ ಮುಂದೆ ಒಬ್ಬಳ ಕಣ್ಣು ಹಾಗೆ ನೆಟ್ಟಾಗ ಮನುಷ್ಯರಿಗೆ ಏನಾಗುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಬಾಯಿಗೆ ಬಂದ ಹೆಸರು ಹೇಳುವುದೆಂದು ಬಸ್ಸಿನಲ್ಲಿ ತೀರ್ಮಾನಿಸಿದ್ದೆನಲ್ಲ, ಈಗ ಯಾವ ಹೆಸರೂ ಬಾಯಿಗೆ ಬರಲಿಲ್ಲ. ಶಿವ ಶಿವ ಎಂದುಬಿಡೋಣ ಎಂದುಕೊಂಡು ಬಗ್ಗಿದೆ.

ಮೊದಲು ಕರೆಯುವ ಹೆಸರು ಹೇಳಿದೆ, ವೀರೇಶ. ಕುರ್ರ್ ಎಂದೆ. ಬೆನ್ನ ಮೇಲೆ ಗುದ್ದುಗಳು ಬಿದ್ದವು, ಹೆಂಗಸರು ನಕ್ಕರು. ಆಮೇಲೆ ಇನ್ನೊಂದು ಕಿವಿಗೆ ಬಗ್ಗಿದೆ. ಆಗ ನನ್ನ ಕತ್ತಿನ ಹಿಂದೆ ಒಂದು ಕೈ ಬಂದು ಕೂತಿತು. ಗುದ್ದಲಿಲ್ಲ. ಒತ್ತಿ ಹಿಡಿಯಿತು. ಹಿಂದಿನ ದಿನ ತಾಂಡೂರಿನಲ್ಲಿ ಅತ್ತೆ ಹಿಡಿದಿದ್ದ ಜಾಗದಲ್ಲೇ, ಅಷ್ಟೇ ಬಿಗಿಯಾಗಿ. ನಾನು ಶಿವ ಎನ್ನಲು ಬಾಯಿ ತೆರೆದೆ. ಬಂದದ್ದು ಅದಲ್ಲ. ನನ್ನ ನಾಲಿಗೆ ತಾನೇ ಹೊರಳಿತು, ತುಟಿಗಳು ನಾನು ಎಂದೂ ಮಾಡದ ಒಂದು ಆಕಾರಕ್ಕೆ ಬಂದು ಮುಂದೆ ಚಾಚಿದವು, ಒಂದು ಚಿಕ್ಕ ಮಾತು ಹೊರಗೆ ಹೋಯಿತು. ನನ್ನದೇ ಧ್ವನಿ. ಆದರೆ ಅದನ್ನು ಹೇಳಿದವಳು ನಾನಲ್ಲ. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಕೂಸು ಅಳು ನಿಲ್ಲಿಸಿತು. ಕೂಸುಗಳು ಹಾಗೆ ನಿಲ್ಲಿಸುತ್ತವೆ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ತಟ್ಟನೆ ಎದ್ದು ತಿರುಗಿದೆ. ಹಿಂದೆ ಇದ್ದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಕತ್ತು ಹಿಡಿದವರು ಯಾರೆಂದು ಕೇಳಿದೆ. ಯಾರೂ ಹಿಡಿದಿರಲಿಲ್ಲ. ಒಬ್ಬಾಕೆ, ಗುದ್ದಿದ್ದು ಜೋರಾತೇನ್ರಿ ಟೀಚರಮ್ಮಾ ಎಂದು ಛೇಡಿಸಿದಳು. ನಾನೂ ನಗಲು ನೋಡಿದೆ, ಆಗಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಾನು ಏನು ಹೇಳಿದೆ ಎಂದು ನೆನಪಿಸಿಕೊಳ್ಳಲು ಕೂತೆ. ಇರಲಿಲ್ಲ. ಮೊದಲಕ್ಷರವೂ ಇರಲಿಲ್ಲ. ಕನಸಿನಿಂದ ಎದ್ದಾಗ ಕೈಗೆ ಸಿಕ್ಕೂ ಸಿಗದೆ ಜಾರುತ್ತದಲ್ಲ, ಅಷ್ಟೂ ಇರಲಿಲ್ಲ. ತುಟಿಯನ್ನು ಮುಂದೆ ಚಾಚಿ, ನಾಲಿಗೆಯನ್ನು ಹೊರಳಿಸಿ ನೂರು ಸಲ ನೋಡಿದೆ, ಕನ್ನಡಿಯಲ್ಲಿ ನನ್ನ ಮುಖ ಕೋತಿಯ ಹಾಗೆ ಕಂಡಿತೇ ಹೊರತು ಹೆಸರು ಬರಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಸುನೀತಾ ಕೇಳಿದಳು.

"ಹೇಳಿದ್ರೇನ್ರಿ, ಅಕ್ಕ?"

ಹೇಳಿದೆ ಎಂದೆ. ಅದು ಸುಳ್ಳಲ್ಲ. ಅತ್ತೆ ಹೇಳಿಕೊಟ್ಟದ್ದೇ ಏನು ಎಂದಳು. ಗೊತ್ತಿಲ್ಲ, ಬಾಯಿಗೆ ಬಂತು, ಈಗ ನೆನಪಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳ ಮುಖ ಬಾಡಿತು. ಅವಳ ಜಾಗದಲ್ಲಿ ಯಾರಿದ್ದರೂ ಇದನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು ಎಂದೇ ತಿಳಿಯುತ್ತಿದ್ದರು.

ನಾಗಮ್ಮತ್ತೆ ಆ ಬೇಸಿಗೆಯಲ್ಲಿ ತೀರಿಕೊಂಡಳು. ಕಡೆಯವರೆಗೂ ಮಾತು ಬರಲಿಲ್ಲ. ಹೀಗಾಗಿ ಕೇಳಲು ಜಗತ್ತಿನಲ್ಲಿ ಯಾರೂ ಉಳಿಯಲಿಲ್ಲ. ನಾನು ನನಗೇ ಒಂದು ವಿವರಣೆ ಕೊಟ್ಟುಕೊಂಡೆ. ಅತ್ತೆಯ ತುಟಿ ನನ್ನ ಕಿವಿಗೆ ತಾಗಿ ಅಲುಗಿದಾಗ ನನಗೆ ತಿಳಿಯದೆಯೇ ಏನೋ ಒಳಗೆ ಇಳಿದಿರಬೇಕು, ಮರುದಿನ ಗಾಬರಿಯಲ್ಲಿ ಅದು ಹೊರಗೆ ಬಂದಿರಬೇಕು. ಕತ್ತಿನ ಮೇಲಿನ ಕೈ ನರಗಳ ಭ್ರಮೆ. ಈ ವಿವರಣೆಯನ್ನು ನಾನು ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದೆ.

ವೀರೇಶ ಬೆಳೆದ, ಶಾಲೆಗೆ ಹೋಗತೊಡಗಿದ. ಆದರೆ ಸುನೀತಾಳ ಹೆದರಿಕೆ ಅವನ ಜೊತೆಗೇ ಬೆಳೆಯಿತು. ಅವನಿಗೆ ನೆಗಡಿಯಾದರೂ ನನಗೆ ಫೋನು. ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತಿತ್ತು: ಅಂದು ಹೇಳಿದ್ದು ಆ ಹೆಸರೇ ಹೌದೋ ಅಲ್ಲವೋ. ಅವನು ಬದುಕಿ ಓಡಾಡುತ್ತಿದ್ದಾನಲ್ಲ, ಅದಕ್ಕಿಂತ ದೊಡ್ಡ ಪುರಾವೆ ಬೇಕೇ ಎಂದು ನಾನು ಬೈಯುತ್ತಿದ್ದೆ. ರಾತ್ರಿ ಅವನ ಎದೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಾಳೆ, ಸರಿಯಾಗಿ ನಿದ್ದೆ ಮಾಡಿ ವರ್ಷಗಳಾದವು ಎಂದು ಶಿವರಾಜ ಒಮ್ಮೆ ನನ್ನ ಹತ್ತಿರ ತೋಡಿಕೊಂಡ.

ಹೋದ ವರ್ಷ ಚಳಿಗಾಲದಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಒಂದು ವಿಚಿತ್ರ ಕೋರಿಕೆ ತಂದರು. ಫ್ರಾನ್ಸಿನಿಂದ ಸೊಲಾಂಜ್ ಎಂಬ ಮುದುಕಿಯೊಬ್ಬರು ಹೈದರಾಬಾದಿಗೆ ಬಂದಿದ್ದಾರೆ, ತಮ್ಮ ಪೂರ್ವಜರ ಜಾಡು ಹುಡುಕುತ್ತಿದ್ದಾರೆ, ನಾರಾಯಣಖೇಡದಲ್ಲಿ ಫಿರಂಗಿ ಮನೆ ಎಂಬುದು ಇದೆಯಂತೆ ಎಂದು ಕೇಳುತ್ತಿದ್ದಾರೆ ಎಂದರು. ನನಗೆ ಕುತೂಹಲವಾಯಿತು. ಭಾನುವಾರ ಸೊಲಾಂಜ್ ಅವರನ್ನು ಅವರ ಬಾಡಿಗೆ ಕಾರಿನಲ್ಲೇ ಜಹೀರಾಬಾದಿನಿಂದ ಕರೆದುಕೊಂಡು ಹೊರಟೆ. ತೆಳ್ಳಗಿನ ಹೆಂಗಸು, ಕತ್ತರಿಸಿದ ಬಿಳಿ ಕೂದಲು. ಹುಟ್ಟಿದ್ದು ಪುದುಚೇರಿಯಲ್ಲಿ, ತಮಿಳು ಬರುತ್ತಿತ್ತು, ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ಅವರ ಮನೆತನದ ಇಬ್ಬರು ಅಣ್ಣತಮ್ಮಂದಿರು ಸಿಪಾಯಿಗಳಾಗಿ ಬಂದವರಂತೆ. ಅಣ್ಣ ಪುದುಚೇರಿಯಲ್ಲಿ ನಿಂತ. ತಮ್ಮ ಹೈದರಾಬಾದಿನ ಫೌಜಿಗೆ ಹೋದವನು ತಿರುಗಿ ಬರಲಿಲ್ಲ.

ದಾರಿಯುದ್ದಕ್ಕೂ ಅವರು ಹೆಸರುಗಳ ವಿಷಯವನ್ನೇ ಹೇಳುತ್ತಿದ್ದರು. ಆ ಕಾಲದ ಫ್ರೆಂಚ್ ಫೌಜಿನಲ್ಲಿ ಸೇರಿದವನಿಗೆ ಬೇರೆಯೇ ಒಂದು ಹೆಸರು ಹಚ್ಚುತ್ತಿದ್ದರು, ಹಲವರು ಸಾಯುವವರೆಗೂ ಅದರಲ್ಲೇ ಬದುಕುತ್ತಿದ್ದರು. ನಿಜವಾದ ಹೆಸರು ಮನೆಯವರಿಗೆ ಮಾತ್ರ. ಚೊಚ್ಚಲು ಮಗನಿಗೆ ಅಜ್ಜನ ಹೆಸರು. ಹಾಗಾಗಿ ಬೇರೆಯಾದ ಆ ಇಬ್ಬರೂ ತಮ್ಮ ತಮ್ಮ ಹಿರಿಯ ಮಗನಿಗೆ ಒಂದೇ ಹೆಸರು, ತಮ್ಮ ತಂದೆಯದು, ಇಟ್ಟಿರಬೇಕು ಎಂಬುದು ಅವರ ಲೆಕ್ಕ. ಅದು ಮುಂದೆಯೂ ಮೊಮ್ಮಗನಿಂದ ಮೊಮ್ಮಗನಿಗೆ ಇಳಿದಿರಬೇಕು. ಹೆಸರಿಡುವವರು ಯಾರು ಎಂದು ಕೇಳಿದೆ. ಚರ್ಚಿನಲ್ಲಿ ದೀಕ್ಷಾಸ್ನಾನದ ಹೊತ್ತಿಗೆ ಕೂಸನ್ನು ಎತ್ತಿ ಹಿಡಿದು ಹೆಸರು ಹೇಳುವ ಜ್ಞಾನತಾಯಿ ಒಬ್ಬಳಿರುತ್ತಾಳೆ ಎಂದರು. ಆಮೇಲೆ ಸಹಜವಾಗಿ, ನಮ್ಮ ಮನೆಯಲ್ಲಿ ಅದು ಯಾವಾಗಲೂ ಕೂಸಿನ ಅತ್ತೆಯೇ, ತಂದೆಯ ಅಕ್ಕನೋ ತಂಗಿಯೋ, ಎಂದರು. ನಾನು ಕಾರಿನ ಕಿಟಕಿ ಇಳಿಸಿದೆ. ಕಿವಿ ಹೆಸರಿನ ವಿಷಯ ನಾನು ಅವರಿಗೆ ಇನ್ನೂ ಹೇಳಿರಲಿಲ್ಲ.

ಮನೆಯಲ್ಲಿ ಚಹಾ ಆಯಿತು. ಅವ್ವನಿಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ, ಕೈ ಹಿಡಿದು ಕೂರಿಸಿಕೊಂಡು ಕರ್ಚಿಕಾಯಿ ತಿನ್ನಿಸಿದಳು. ನಮ್ಮ ಪದ್ಧತಿಯನ್ನು ಶಿವರಾಜನೇ ಅವರಿಗೆ ಹೇಳಿಬಿಟ್ಟ. ಸೊಲಾಂಜ್ ಕೈಯಲ್ಲಿದ್ದ ಚಹಾದ ಕಪ್ಪು ಬಶಿಯನ್ನು ಕೆಳಗಿಟ್ಟರು. ಆ ಹೆಸರು ತಮಗೆ ಗೊತ್ತು ಎಂದರು. ಅದನ್ನು ಹೊತ್ತಿದ್ದ ಒಡಹುಟ್ಟಿದ ಅಣ್ಣ ಮಕ್ಕಳಿಲ್ಲದೆ ತೀರಿಹೋದ, ತಮ್ಮಲ್ಲಿ ಇನ್ನು ಆ ಹೆಸರಿಗೆ 'ಏನು' ಎಂದು ಓಗೊಡುವವರಿಲ್ಲ, ಒಮ್ಮೆ ಹೇಳುತ್ತೇನೆ, ಅದೇ ಹೌದೋ ಅಲ್ಲವೋ ಎಂದಷ್ಟೇ ತಿಳಿಸಿ ಎಂದು ಕೇಳಿಕೊಂಡರು. ನಾನು ಅದನ್ನು ಕನ್ನಡಕ್ಕೆ ತರುವ ಮೊದಲೇ ಸುನೀತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಬ್ಯಾಡ ಅನ್ರಿ, ಅಕ್ಕ. ಮನಿಯಾಗ ಗಟ್ಟಿ ಅನ್ನಬಾರ್ದು. ಅದು ಬ್ಯಾರೆ ಹೆಸರು ಆದ್ರ ನಾ ಏನ್ ಮಾಡ್ಲಿ?"

ಅವಳ ಮಾತಿನಲ್ಲಿ ಎರಡು ಹೆದರಿಕೆಗಳಿದ್ದವು, ಎರಡನೆಯದೇ ದೊಡ್ಡದು. ಹೇಳಬೇಕೆಂದರೆ ನನಗೂ ಅದೇ ಹೆದರಿಕೆ. ಆದರೆ ತಿರುವುಮುರುವಾಗಿ: ಅದೇ ಹೆಸರು ಆಗಿಬಿಟ್ಟರೆ ನಾನು ಏನು ಮಾಡಲಿ? ಹೇಳಬೇಡಿ ಎಂದು ಅವರಿಗೆ ತಿಳಿಸಿದೆ. ಅಷ್ಟಕ್ಕೂ ಹೇಳಿದರೆ ಗುರುತಿಸಲು ನನಗೆ ನೆನಪಿಲ್ಲ ಎಂದೂ ಹೇಳಿದೆ. ಅಷ್ಟು ದೂರದಿಂದ ಬಂದ ಮುದುಕಿಯನ್ನು ಬರಿಗೈಯಲ್ಲಿ ಕಳಿಸುತ್ತಿದ್ದೇವಲ್ಲ ಎಂದು ನನಗೆ ನಿಜವಾಗಿ ಸಂಕಟವಾಯಿತು.

ಹೊರಡುವಾಗ ಅವರು ತಮ್ಮ ರೂಢಿಯಂತೆ ಅವ್ವನ ಎರಡು ಕೆನ್ನೆಗೂ ಕೆನ್ನೆ ತಾಗಿಸಿದರು. ಅವ್ವ ನಾಚಿ ಸೆರಗು ಬಾಯಿಗಿಟ್ಟುಕೊಂಡಳು. ನನಗೂ ಹಾಗೆಯೇ. ಆಮೇಲೆ ವೀರೇಶ ಎದುರಿಗೆ ಬಂದ. ಅವರು ಕಟ್ಟೆಯ ಅಂಚು ಹಿಡಿದು ಕಷ್ಟಪಟ್ಟು ಬಗ್ಗಿದರು. ಒಂದು ಕೆನ್ನೆ. ಇನ್ನೊಂದು ಕೆನ್ನೆಗೆ ಬಂದವರು ಅಲ್ಲೇ ನಿಂತರು. ಅವರ ತುಟಿ ಅವನ ಕಿವಿಯ ಹತ್ತಿರ ಅಲುಗಿದ್ದನ್ನು ನಾನು ಕಂಡೆ. ಮುಂದೆ ಚಾಚಿ, ದುಂಡಗಾಗಿ. ಸುನೀತಾ ನನ್ನ ಮುಂಗೈ ಹಿಡಿದಳು, ಉಗುರುಗಳು ನೆಟ್ಟವು. ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ.

ವೀರೇಶ ಕೊಸರಿಕೊಳ್ಳಲಿಲ್ಲ, ಕಿವಿ ಉಜ್ಜಿಕೊಳ್ಳಲಿಲ್ಲ. ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಜಗಳಕ್ಕೆ ಬಂದವನ ಹಾಗೆ ಹುಬ್ಬು ಗಂಟಿಕ್ಕಿ ಕೇಳಿದ.

"ಅತ್ತಿ, ನೀ ನನಗ ಹೇಳಿದ್ ಹೆಸರು ಈ ಅಜ್ಜಿಗಿ ಹ್ಯಾಂಗ ಗೊತ್ತಾತು?"

ಅವನು ಏನೆಂದ ಎಂದು ಸೊಲಾಂಜ್ ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕಟ್ಟೆಯ ಮೇಲೆ ಕುಸಿದು ಕೂತು ಅವನ ಎರಡೂ ಕೈಗಳನ್ನು ತಮ್ಮ ಮುಖಕ್ಕೆ ಒತ್ತಿಕೊಂಡು ಅತ್ತರು.

ಅವರ ಕಾರು ಹೋದ ಮೇಲೆ ನಾನು ನನ್ನ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿದೆ. ಅತ್ತೆ ನಿನ್ನ ಕಿವಿಯಲ್ಲಿ ಒಂದು ಹೆಸರು ಹೇಳಿದ್ದಾಳೆ ಎಂದು ಸುನೀತಾ ಅವನಿಗೆ ಯಾವಾಗಲೋ ಹೇಳಿದ್ದಳು, ಅದನ್ನು ಅವಳೇ ಒಪ್ಪಿಕೊಂಡಳು. ಅಂದಮೇಲೆ ಯಾರು ಬಂದು ಕಿವಿಯಲ್ಲಿ ಏನು ಉಸುರಿದರೂ ಹುಡುಗ ಅದೇ ಇದು ಎಂದುಕೊಂಡಾನು. ಇದು ಸರಿಯಾದ ಮಾತು, ಪರೀಕ್ಷೆ ಮಾಡಿ ನೋಡಬಹುದಾದ ಮಾತು. ಸಂಜೆ ಅವನನ್ನು ಜಂತಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂರಿಸಿ ತೂಗುತ್ತ ಕಿವಿಯಲ್ಲಿ ನನಗೆ ಗೊತ್ತಿದ್ದ ಫ್ರೆಂಚ್ ಹೆಸರುಗಳನ್ನು ಒಂದೊಂದಾಗಿ ಹೇಳಿದೆ, ಪಠ್ಯಪುಸ್ತಕದಲ್ಲಿ ಬರುವ ವಿಜ್ಞಾನಿಗಳವು. ಅವನಿಗೆ ಕಚಗುಳಿಯಾಗಿ ನಗು. ಪ್ರತಿಯೊಂದಕ್ಕೂ ಇದಲ್ಲ, ಇದಲ್ಲ ಎಂದು ತಲೆಯಾಡಿಸಿದ. ಹಾಗಾದರೆ ಯಾವುದು, ನೀನೇ ನನ್ನ ಕಿವಿಯಲ್ಲಿ ಹೇಳು ಎಂದು ಬಗ್ಗಿದೆ. ಅವನು ಬಾಯಿ ಹತ್ತಿರ ತಂದ. ಬೆಚ್ಚಗಿನ ಉಸಿರು ತಾಗಿತು. ಆಮೇಲೆ ಹಿಂದೆ ಸರಿದು ನನ್ನನ್ನು ವಿಚಿತ್ರವಾಗಿ ನೋಡಿದ.

"ನೀನೇ ಹೇಳಿದ್ದಲ್ಲ, ಅತ್ತಿ. ನಿನಗ ಗೊತ್ತೇ ಅದ."

ಎಷ್ಟು ಕೇಳಿದರೂ ಮತ್ತೆ ಬಾಯಿ ಬಿಡಲಿಲ್ಲ. ಇಂದಿಗೂ ಬಿಟ್ಟಿಲ್ಲ. ಸೊಲಾಂಜ್ ಅವರ ಫೋನ್ ನಂಬರು ನನ್ನ ಹತ್ತಿರ ಇದೆ, ಕೇಳಿದರೆ ಹೇಳುತ್ತಾರೆ. ಎರಡು ಮೂರು ಸಲ ಫೋನ್ ಕೈಗೆ ತೆಗೆದುಕೊಂಡು ಇಟ್ಟಿದ್ದೇನೆ. ಅವರು ಹೇಳಿದರೂ, ಅಂದು ತೊಟ್ಟಿಲಿನ ಮೇಲೆ ಬಗ್ಗಿದಾಗ ನನ್ನ ಬಾಯಿಂದ ಹೋದದ್ದು ಅದೇ ಎಂದು ಹೇಳಬಲ್ಲವರು ಯಾರು? ನಾನಂತೂ ಅಲ್ಲ. ಅಂದು ತೊಟ್ಟಿಲಿನಲ್ಲಿದ್ದವನು ಮಾತ್ರ ಹೇಳಬಲ್ಲ, ಅವನಿಗೆ ಅದು ನೆನಪಿರಲು ಸಾಧ್ಯವಿಲ್ಲ.

ಆ ರಾತ್ರಿ ನಾನು ತವರಿನಲ್ಲೇ ಉಳಿದೆ. ವೀರೇಶ ಅಜ್ಜಿಯ ಹತ್ತಿರ ಮಲಗುತ್ತೇನೆಂದು ಹಟ ಮಾಡಿದ. ಸುನೀತಾ ಅವನ ದಿಂಬನ್ನು ತಾನೇ ಅವ್ವನ ಹಾಸಿಗೆಗೆ ಒಯ್ದಿಟ್ಟು ಬಂದು, ನನ್ನ ಪಕ್ಕದ ಚಾಪೆಯ ಮೇಲೆ ಮಗ್ಗುಲಾದಳು. ಎರಡು ಮಾತಾಡುವುದರೊಳಗೆ ಗೊರಕೆ ಹೊಡೆಯತೊಡಗಿದಳು. ನಾನು ಬೆಳಗಿನವರೆಗೂ ಕಣ್ಣು ಬಿಟ್ಟುಕೊಂಡು ಅವಳ ಗೊರಕೆ ಕೇಳುತ್ತ ಮಲಗಿದ್ದೆ.